ತುಂಬಿದ ಟ್ಯಾಂಕು

ಹಾಸನದ ಗಲ್ಲಿಯೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಗಂಗಯ್ಯನಿಗೆ ಆ ಮಾದರಿ ವಿಮಾನ ಸಿಕ್ಕಿದ್ದು, ಕಾಫಿ ತೋಟ ಮಾರಿ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನಿಂದ. ರೆಕ್ಕೆ ಮುರಿದಿತ್ತು, ಒಳಗಿನ ರೇಡಿಯೊ ಸತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಗಂಗಯ್ಯ ಅದರ ಮುಂದೆ ಕೂರುತ್ತಿದ್ದ. ರೆಕ್ಕೆಗೆ ರೇಷ್ಮೆ ಹೊದಿಸಿದ, ರೇಡಿಯೊದ ವಾಲ್ವು ಬದಲಿಸಿದ, ಈಥರಿಗೆ ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಬೆರೆಸಿ ಎಂಜಿನ್ನಿಗೆ ಕುಡಿಸಿದ. ಅದರ ಜೊತೆಗೆ ಬಂದ ರೇಡಿಯೊ ಪೆಟ್ಟಿಗೆಯ ಗುಂಡಿ ಒತ್ತಿದರೆ ವಿಮಾನದ ಬಾಲ ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು. ಅವನ ಕೈಲಿದ್ದ ಹಿಡಿತ ಅಷ್ಟೇ. ಲಾಗ ಹಾಕಲೆಂದು ಬಾಲದ ಅಡ್ಡಪಟ್ಟಿಯನ್ನು ಕೊಂಚ ಮೇಲಕ್ಕೆ ಬಾಗಿಸಿಟ್ಟ.

೧೯೬೪ರ ಸುಗ್ಗಿಯಲ್ಲಿ ಅದನ್ನು ಶಾಂತಿಗ್ರಾಮಕ್ಕೆ, ಅಕ್ಕನ ಮನೆಗೆ ಒಯ್ದ. ಊರ ಕೆರೆ ಬತ್ತಿ ಕೆರೆಯಂಗಳ ಬಯಲಾಗಿತ್ತು. ಮೊದಲ ಹಾರಾಟಕ್ಕೆ ಕಾಲು ಟ್ಯಾಂಕು ಸಾಕು, ಕೈ ತಪ್ಪಿದರೂ ಎಣ್ಣೆ ಮುಗಿದು ಬೇಗ ಕೆಳಗಿಳಿಯುತ್ತದೆ ಎಂದು ಅಳೆದು ಹಾಕುತ್ತಿದ್ದಾಗ, ಆರತಿ ತಟ್ಟೆ ಹಿಡಿದು ಬಂದ ಅಕ್ಕ ಬೆಟ್ಟಮ್ಮ ತಡೆದಳು.

"ಅರೆಬರೆ ಉಯ್ದು ಯಾರಾದ್ರೂ ಒಳ್ಳೆ ಕೆಲ್ಸಕ್ಕೆ ಕೈ ಆಕ್ತಾರೇನ್ಲಾ? ತುಂಬ್ಸು."

"ಇದು ಸೊಸೆ ಒದ್ದು ಒಳಕ್ ಬರೋ ಅಕ್ಕಿ ಸೇರಲ್ಲ ಕಣಕ್ಕ."

"ತುಂಬ್ಸೂ ಅಂದೆ."

ಗಂಗಯ್ಯ ನಕ್ಕು ತುಂಬಿಸಿದ. ಅವಳು ಕೆರೆ ಏರಿಯ ಆಚೆಗಿನ ರಾಗಿ ಕಣಕ್ಕೆ ಮರಳಿದಳು.

ವಿಮಾನ ಮೇಲೆದ್ದಿತು. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಮತ್ತೆ ಒತ್ತಿದ, ತಿರುಗಲಿಲ್ಲ. ಎಂಜಿನ್ನಿನ ಅದುರಾಟಕ್ಕೆ ಒಳಗೆಲ್ಲೋ ಬೆಸುಗೆ ಬಿಟ್ಟಿರಬೇಕು. ಬಾಗಿಸಿಟ್ಟ ಬಾಲ ಅದನ್ನು ತಾನಾಗಿಯೇ ಲಾಗ ಹಾಕಿಸುತ್ತಿತ್ತು. ಗಾಳಿ ಒಂದೊಂದು ಲಾಗಕ್ಕೂ ಅದನ್ನು ಕಣದ ಕಡೆಗೆ ತಳ್ಳುತ್ತಿತ್ತು. ಕಾಲು ಟ್ಯಾಂಕಾಗಿದ್ದರೆ ಇಷ್ಟು ಹೊತ್ತಿಗೆ ಬಯಲಲ್ಲೇ ಇಳಿದಿರುತ್ತಿತ್ತು. ಮೂತಿಯ ಫ್ಯಾನು ಕುಡುಗೋಲಿನಷ್ಟು ಹರಿತ.

"ಓಡ್ರಪ್ಪೋ! ಕಣ ಬುಟ್ಟು ಓಡ್ರೋ!" ಎಂದು ಗಂಗಯ್ಯ ಕೂಗಿದ.

ಮಾತು ಕೇಳಿಸದ ಕಣದವರು ಖುಷಿಯಿಂದ ಕೈ ಬೀಸಿದರು. ಹುಲ್ಲಿನ ಮರೆಯಲ್ಲಿದ್ದವರೂ ನೋಡಲು ಬಯಲಿಗೆ ಬಂದರು. ಭಾವ ಪಾಪಯ್ಯ ಚಪ್ಪಾಳೆ ತಟ್ಟಿ ಕೂಗಿದ: "ನಮ್ ಬಾಮೈದ ಎಂಗ್ ಲಾಗ ಆಕುಸ್ತಾವ್ನೆ ನೋಡ್ರಲಾ!"

ಗಂಗಯ್ಯ ಪೆಟ್ಟಿಗೆ ಹೊತ್ತು, ಗುಂಡಿ ಒತ್ತುತ್ತಲೇ ಓಡಿದ. ಭಾರಕ್ಕೆ ಕಾಲು ಸಾಗಲಿಲ್ಲ. ಅದನ್ನು ಅಲ್ಲೇ ಎಸೆದು ಏರಿ ಹತ್ತಿ ಇಳಿದ. ಕಣದ ನಡುವಿನ ಮೇಟಿಕಂಬಕ್ಕೆ ಒರಗಿ ಬೆಟ್ಟಮ್ಮ ಬಾಯ್ದೆರೆದು ಮೇಲೆ ನೋಡುತ್ತಿದ್ದಳು. ವಿಮಾನ ಮೇಲಿಂದ ತಿರುಗಿ ನೇರ ಕೆಳಗೆ ಬಂತು. ಅವನು ಅವಳ ಮೇಲೆ ಬಿದ್ದ. ತಲೆಯ ಮೇಲೆ ಮರ ಸೀಳಿದ ಸದ್ದು.

"ಯಾಕ್ಲಾ ತಳ್ದೆ? ಸೊಂಟ ಮುರ್ದೋಯ್ತು" ಎಂದು ಬೈಯುತ್ತ ಎದ್ದವಳು ಮೇಟಿ ನೋಡಿದಳು. ಅವಳ ಕತ್ತಿನ ಮಟ್ಟಕ್ಕೆ ಮರ ಕಿತ್ತುಬಂದಿತ್ತು. ಚೂರಾದ ರೆಕ್ಕೆಯ ರೇಷ್ಮೆ ರಾಗಿಯ ಮೇಲೆ ಹರಡಿತ್ತು. ಕಿತ್ತ ಜಾಗವನ್ನು ಬೆರಳಿಂದ ಸವರಿ ಕೇಳಿದಳು:

"ನಾನೇ ಅಲ್ವೇನ್ಲಾ ತುಂಬ್ಸು ಅಂದೋಳು?"

"ಉಯ್ದೋನು ನಾನು ಕಣಕ್ಕ."

ಸಂಜೆಯವರೆಗೂ ಗಂಗಯ್ಯ ರಾಗಿಯೊಳಗಿಂದ ವಿಮಾನದ ಚೂರು ಆರಿಸಿದ. ಏರಿಯ ಮೇಲಿಂದ ನೋಡಿದರೆ, ಕೆರೆಯಂಗಳದಲ್ಲಿ ಬಿದ್ದ ಪೆಟ್ಟಿಗೆಯ ಏರಿಯಲ್ ಕಡ್ಡಿ ಬಿಸಿಲಿಗೆ ಮಿನುಗುತ್ತಿತ್ತು.

"ಆ ಪೆಟ್ಗೆ ತಂದ್ಕೊಡ್ಲೇನಪ್ಪಾ?" ಎಂದ ಪಾಪಯ್ಯ.

"ಬ್ಯಾಡ ಭಾವ. ಮಳೆ ಬಂದ್ರೆ ಕೆರೆ ತುಂಬ್ಕತದೆ, ಅಲ್ಲೇ ಮುಳ್ಗೋಗ್ಲಿ ಬುಡು."