ಸೀಟಿನ ಪಕ್ಕದ ಜಾಲರಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಅವರು ಬ್ರೇಕ್ ಒತ್ತಿದರೆ ಪಕ್ಕದಲ್ಲಿ ಕೂತವನ ಲೋಟದ ಚಹಾ ಅಲುಗುತ್ತಿರಲಿಲ್ಲ. ಅದಕ್ಕೇ ಜೊತೆಗಾರರು ಮೆಲ್ಲಣ್ಣ ಅಂತ ಹೆಸರಿಟ್ಟರು. ಆ ಹೆಸರು ಎಷ್ಟು ಅಂಟಿತೆಂದರೆ, ಸಿಟ್ಟು ಬಂದಾಗ ಅಕ್ಕನೂ ಹಾಗೇ ಕರೆಯುತ್ತಾಳೆ.

ನಾನು ಗ್ಯಾರೇಜ್ ಇಟ್ಟಿರುವವನು. ಓದಿದ್ದು ಏಳನೇ ಕ್ಲಾಸು, ನಾಲಿಗೆ ಮಾತ್ರ ಉದ್ದ. ದೊಡ್ಡ ಹೈಬ್ರಿಡ್ ಗಾಡಿ ಇಟ್ಟುಕೊಂಡವರು ಬಂದು "ಇದನ್ನ ಹೇಗಪ್ಪ ನೋಡ್ಕೊಳ್ಳೋದು" ಅಂತ ಕೇಳುತ್ತಾರೆ. ಅಷ್ಟು ದುಡ್ಡು ಸುರಿದು ತಂದಿರುತ್ತಾರೆ, ಜೊತೆಗೆ ಕೊಟ್ಟ ಪುಸ್ತಕದ ಪ್ಲಾಸ್ಟಿಕ್ಕು ಕೂಡ ಹರಿದಿರುವುದಿಲ್ಲ. ಅವರಿಗೆಲ್ಲ ನಾನು ಹೇಳುವುದು ಭಾವನಿಂದ ಕಲಿತದ್ದನ್ನೇ. ಅವರು ಸರಿಯಾಗಿ ಮಾಡಿದ್ದು ಬಹಳ, ತಪ್ಪಿದ್ದು ಒಂದೇ ಒಂದು. ಆ ಒಂದರಿಂದ ಏನಾಯಿತು ಅನ್ನುವುದನ್ನೂ ಹೇಳಬೇಕು.

ಲಾರಿ ಬಿಟ್ಟ ಮೇಲೆ ಅವರು ಒಬ್ಬ ಎಂಜಿನಿಯರ್ ಮನೆಗೆ ಡ್ರೈವರ್ ಆಗಿ ಸೇರಿದರು. ಎಂಜಿನಿಯರ್ ಆಗತಾನೇ ಆ ದೊಡ್ಡ ಗಾಡಿ ತಂದಿದ್ದರು, ಪೆಟ್ರೋಲ್ ಎಂಜಿನ್ನೂ ಕರೆಂಟ್ ಮೋಟಾರೂ ಎರಡೂ ಇರುವಂಥದ್ದು. ಮೊದಲ ದಿನವೇ ಭಾವ ನನಗೆ ಫೋನ್ ಮಾಡಿದರು.

"ಲೋ, ಗಾಡಿ ಸ್ಟಾರ್ಟೇ ಆಗ್ತಿಲ್ಲ ಕಣೋ. ಐದು ಸಲ ಬಟನ್ ಒತ್ತಿದೆ."

ಕೈಯಲ್ಲಿದ್ದ ಕೆಲಸ ಎಸೆದು ಓಡಿಹೋದೆ. ನೋಡಿದರೆ ಗಾಡಿ ಮೊದಲ ಒತ್ತಿಗೇ ಸ್ಟಾರ್ಟ್ ಆಗಿತ್ತು. ಇಂಥ ಗಾಡಿ ಸದ್ದು ಮಾಡುವುದಿಲ್ಲ, ರೆಡಿ ಅಂತ ಒಂದು ದೀಪ ತೋರಿಸಿ ಸುಮ್ಮನಾಗುತ್ತದೆ. ಸದ್ದಿಲ್ಲ ಅಂತ ಇವರು ಒತ್ತುವುದು, ಅದು ಆರುವುದು, ಮತ್ತೆ ಒತ್ತುವುದು.

"ಇಪ್ಪತ್ತು ವರ್ಷ ಲಾರಿ ಓಡಿಸಿದ್ದೀರಂತೆ," ಅಂದೆ.

"ಲಾರಿ ಎದ್ದರೆ ಊರೇ ಏಳುತ್ತಿತ್ತಪ್ಪ. ಇದು ಎದ್ದಿದ್ದು ಇದಕ್ಕೇ ಗೊತ್ತಾಗಲ್ಲ," ಅಂದರು ಪೆಚ್ಚಾಗಿ.

ಅವತ್ತಿನಿಂದ ಅವರು ಆ ಗಾಡಿಯ ಸದ್ದುಗಳನ್ನು ಮಗುವಿನ ಉಸಿರು ಕೇಳುವ ಹಾಗೆ ಕೇಳಲು ಶುರುಮಾಡಿದರು. ಎಂಜಿನ್ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ, ಹಿಂದಿನ ಸೀಟಿನ ಕೆಳಗಿರುವ ದೊಡ್ಡ ಬ್ಯಾಟರಿಗೆ ಗಾಳಿ ಎಳೆಯುವ ಫ್ಯಾನು ಯಾವಾಗ ತಿರುಗುತ್ತದೆ, ಎಲ್ಲ ಬಾಯಿಪಾಠ. "ನಾನು ಎದುರಿಗೆ ನಿಂತು ಕಿರುಚಿದರೂ ಕಿವಿಗೆ ಬೀಳಲ್ಲ, ಆ ಗಾಡಿ ಸೀನಿದರೆ ಮಾತ್ರ ಎದ್ದು ಓಡ್ತಾರೆ," ಅಂತ ಅಕ್ಕ ಚುಚ್ಚುತ್ತಿದ್ದಳು.

ಎಂಜಿನಿಯರ್ ಊರಲ್ಲಿ ಇಲ್ಲದಿದ್ದರೂ ಭಾವ ವಾರಕ್ಕೊಮ್ಮೆ ಗಾಡಿ ತೆಗೆದು ಅರ್ಧ ಗಂಟೆ ಓಡಿಸಿ ತರುತ್ತಿದ್ದರು. ಬಿಟ್ಟರೆ ಸಣ್ಣ ಬ್ಯಾಟರಿ ಸಾಯುತ್ತದೆ. ಬಾಗಿಲು ತೆಗೆಯುವುದು, ದೀಪ ಹಚ್ಚುವುದು, ದೊಡ್ಡ ಬ್ಯಾಟರಿಯನ್ನು ಎಬ್ಬಿಸುವುದು, ಎಲ್ಲ ಆ ಸಣ್ಣದರ ಕೆಲಸ. ಇಂಥ ಗಾಡಿ ನಿಧಾನವಾಗುವಾಗ ಮೋಟಾರೇ ಹಿಡಿದು ನಿಲ್ಲಿಸುತ್ತದೆ, ಬ್ರೇಕ್ ಹೆಚ್ಚು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಗಾಡಿ ತೊಳೆದ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಒತ್ತುತ್ತಿದ್ದರು. ಮೆಲ್ಲಣ್ಣ ಗಟ್ಟಿಯಾಗಿ ಬ್ರೇಕ್ ಹಾಕಿದ್ದನ್ನು ನೋಡಬೇಕಾದರೆ ಅವತ್ತೇ ನೋಡಬೇಕು. ಎಂಜಿನ್ ಆಯಿಲನ್ನು ಕಿಲೋಮೀಟರ್ ಮಾತ್ರ ನೋಡಿ ಬದಲಿಸಬೇಡಿ, ತಿಂಗಳೂ ನೋಡಿ ಅನ್ನುತ್ತಿದ್ದರು. ಗಾಡಿ ಕಡಿಮೆ ಓಡಿದರೂ ಆಯಿಲ್ ಹಳೆಯದಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರುವ ಗಾಡಿಯಲ್ಲಿ ಇನ್ನೂ ಬೇಗ ಕೆಡುತ್ತದೆ. ಕಿತ್ತಳೆ ಬಣ್ಣದ ದಪ್ಪ ವೈರುಗಳಿರುವ ಕಡೆ ಜೋರು ನೀರು ಹೊಡೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಹೀಗೆ ಒಂಬತ್ತು ವರ್ಷ. ಒಂದು ದಿನವೂ ಗಾಡಿ ದಾರಿಯಲ್ಲಿ ನಿಂತಿರಲಿಲ್ಲ.

ಹತ್ತನೇ ವರ್ಷ ಎಂಜಿನಿಯರ್ ಅವರ ತಾಯಿಗೆ ಕಿಡ್ನಿ ಕೈಕೊಟ್ಟಿತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಕರೆದುಕೊಂಡು ಹೋಗುವುದು, ಕಾಯುವುದು, ಕರೆದುಕೊಂಡು ಬರುವುದು ಭಾವನ ಕೆಲಸ. ವಾಪಸು ಬರುವಾಗ ಅಜ್ಜಿ ನೀರು ಹಿಂಡಿದ ಬಟ್ಟೆಯ ಹಾಗೆ ಇರುತ್ತಿದ್ದರು. ಚರ್ಮದ ಸೀಟು ತಣ್ಣಗೆ ಕೊರೆಯುತ್ತದೆ ಅಂತ ಭಾವ ಮನೆಯಿಂದ ಒಂದು ಕೆಂಪು ಉಣ್ಣೆ ರಗ್ಗು ಒಯ್ದು ಹಿಂದಿನ ಸೀಟಿನ ತುಂಬ ಹಾಸಿದರು.

"ನನ್ನ ಹೊಸಾ ರಗ್ಗು!" ಅಂದಳು ಅಕ್ಕ.

"ನಿನಗೆ ಇನ್ನೊಂದು ತಂದರಾಯ್ತು. ಅಜ್ಜಿಗೆ ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಇಲ್ಲ," ಅಂದರು ಭಾವ.

ನಾಲ್ಕು ತಿಂಗಳಾದ ಮೇಲೆ, ಸುಡುವ ಮಧ್ಯಾಹ್ನ, ಆಸ್ಪತ್ರೆಯಿಂದ ಬರುವ ದಾರಿಯಲ್ಲಿ, ಗಾಡಿ ಕೆಂಪು ದೀಪ ಹಚ್ಚಿ ನಿಂತೇಬಿಟ್ಟಿತು. ಎ.ಸಿ. ಹೋಯಿತು. ಭಾವ ಫೋನ್ ಮಾಡಿ, ಬೇರೆ ಗಾಡಿ ಸಿಕ್ಕು, ಅಜ್ಜಿಯನ್ನು ಎತ್ತಿ ಕೂರಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಜ್ಜಿಗೆ ಎಚ್ಚರ ತಪ್ಪಿತ್ತು. ಎರಡು ದಿನ ಮತ್ತೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರು.

ಕಂಪನಿಯವರು ತಪಾಸಣೆಯ ಮಷೀನು ಚುಚ್ಚಿ ನೋಡಿ, ಬ್ಯಾಟರಿ ಕಾದುಹೋಗಿದೆ, ಪೂರ್ತಿ ಬದಲಿಸಬೇಕು, ಡ್ರೈವರ್ ಸರಿಯಾಗಿ ನೋಡಿಕೊಂಡಿಲ್ಲ ಅಂದರು. ಸೀಟು ಬಿಚ್ಚಿ ನೋಡಲಿಲ್ಲ. ಎಂಜಿನಿಯರ್ ಭಾವನನ್ನು ಕರೆದು ಒಂದೇ ಮಾತು ಹೇಳಿದರು: "ಮೆಲ್ಲಣ್ಣ, ಸೋಮವಾರ ಕೀ ಕೊಟ್ಟುಬಿಡಿ. ಅಷ್ಟರೊಳಗೆ ನಿಮ್ಮ ತಪ್ಪಿಲ್ಲ ಅಂತ ತೋರಿಸೋಕಾದರೆ ತೋರಿಸಿ."

ನನ್ನ ಮೈಯೆಲ್ಲ ಉರಿದುಹೋಯಿತು. ಭಾನುವಾರ ಬೆಳಿಗ್ಗೆ ಗಾಡಿ ಗ್ಯಾರೇಜಿಗೆ ತರಿಸಿದೆ. ಇದನ್ನು ಬಿಚ್ಚುವುದಕ್ಕೆ ಒಂದು ಕ್ರಮ ಇದೆ, ನಾನು ಎಷ್ಟೇ ಸಿಟ್ಟಿನವನಾದರೂ ಅದನ್ನು ಮಾತ್ರ ತಪ್ಪಿಸುವುದಿಲ್ಲ. ಕೀ ದೂರ ಇಡಬೇಕು. ಉಂಗುರ, ವಾಚು ಬಿಚ್ಚಬೇಕು. ಸಣ್ಣ ಬ್ಯಾಟರಿಯ ವೈರು ಕಳಚಬೇಕು. ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ, ಬಾಯಿ ಸುತ್ತಿ ಹಿಡಿದು, ಸೂಜಿಮೊನೆಯಷ್ಟು ತೂತಿದ್ದರೂ ಗೊತ್ತಾಗುವ ಹಾಗೆ ಕೆನ್ನೆಯ ಹತ್ತಿರ ಒತ್ತಬೇಕು. ಆಮೇಲೆ ಅದನ್ನು ತೊಟ್ಟು, ದೊಡ್ಡ ಬ್ಯಾಟರಿಯ ಕರೆಂಟು ಕಡಿಯುವ ಪ್ಲಗ್ ಎಳೆದು ಸ್ವಂತ ಜೇಬಿಗೆ ಹಾಕಿಕೊಳ್ಳಬೇಕು. ಮೇಜಿನ ಮೇಲಿಟ್ಟರೆ ಇನ್ಯಾರಾದರೂ ತಿಳಿಯದೆ ವಾಪಸು ಹಾಕಬಹುದು, ಒಳಗೆ ಕೈಯಿಟ್ಟವನು ಅಲ್ಲಿಗೇ ಮುಗಿದ. ಪ್ಲಗ್ ಎಳೆದ ಮೇಲೂ ಹತ್ತು ನಿಮಿಷ ಮುಟ್ಟಬಾರದು, ಒಳಗೆ ಉಳಿದ ಕರೆಂಟು ಇಳಿಯಬೇಕು. ಓದುವವರಿಗೂ ಹೇಳುತ್ತೇನೆ, ಇದನ್ನು ಕಲಿತವರೇ ಮಾಡಬೇಕು. ಮನೆಯಲ್ಲಿ ಕೈಹಾಕಬೇಡಿ.

ಪ್ಲಗ್ ನನ್ನ ಜೇಬಿನಲ್ಲಿ. ನಾವಿಬ್ಬರೂ ಹಳೇ ಟೈರುಗಳ ಮೇಲೆ ಕೂತೆವು. ಈ ಹತ್ತು ನಿಮಿಷ ನನಗೆ ಯಾವತ್ತೂ ಹತ್ತು ವರ್ಷ.

"ಸೀಟು ಬಿಚ್ಚದೆ ಬ್ಯಾಟರಿ ಹೋಯ್ತು ಅಂತಾರಲ್ಲ, ಅವರನ್ನ..." ಅಂತ ಶುರುಮಾಡಿದೆ.

"ಬೈಬೇಡ. ಏನಿದೆಯೋ ನೋಡೋಣ," ಅಂದರು ಭಾವ. ಅವರ ಕಣ್ಣು ಗಡಿಯಾರದ ಮೇಲಿತ್ತು.

ಸೀಟು ಎತ್ತಿದೆ. ಸೀಟಿನ ಪಕ್ಕ, ಬಾಗಿಲ ಹತ್ತಿರ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಬ್ಯಾಟರಿ ಉಸಿರಾಡುವುದೇ ಅದರಿಂದ. ಇಷ್ಟು ದೊಡ್ಡ ಗಾಡಿಯಲ್ಲಿ ಅದರ ಮೇಲೆ ಬ್ಯಾಗು ಇಡುವವರೇ ಎಲ್ಲರೂ. ಜಾಲರಿ ಕಳಚಿದೆ. ಅದರ ಹಿಂದಿದ್ದ ಫಿಲ್ಟರು ಕಂಬಳಿಯ ತುಂಡಿನ ಹಾಗೆ ದಪ್ಪಗಾಗಿತ್ತು. ಫ್ಯಾನ್ ಹೊರಗೆ ತೆಗೆದೆ. ಅದರ ಎಸಳುಗಳ ಸಂದಿಯಲ್ಲೆಲ್ಲ ಎಳೆ ಎಳೆ ಜುಂಗು.

ನನಗೆ ಖುಷಿಯೋ ಖುಷಿ. "ಭಾವ, ಬ್ಯಾಟರಿ ಸತ್ತಿಲ್ಲ! ಉಸಿರು ಕಟ್ಟಿದೆ ಅಷ್ಟೇ! ನೋಡ್ರೀ ಧೂಳು!"

ಭಾವ ಜುಂಗನ್ನು ಎರಡು ಬೆರಳಲ್ಲಿ ತೆಗೆದು ಬೆಳಕಿಗೆ ಹಿಡಿದರು. ಅದು ಬೂದು ಬಣ್ಣ ಇರಲಿಲ್ಲ. ಕೆಂಪು.

ನಾನು ಫ್ಯಾನ್ ಬ್ರಷ್ಷಿನಲ್ಲಿ ಉಜ್ಜುತ್ತಿದ್ದೆ.

"ಸದ್ದು ಬರ್ತಿತ್ತು ಕಣೋ," ಅಂದರು ಕೊನೆಗೆ. "ಒಂದು ತಿಂಗಳಿಂದ ಈ ಫ್ಯಾನು ಜೋರಾಗಿ ಕೂಗ್ತಿತ್ತು. ಅಜ್ಜಿಗೆ ಆಗತಾನೇ ಕಣ್ಣು ಹತ್ತಿರುತ್ತೆ, ಕಿವಿ ಪಕ್ಕದಲ್ಲೇ ಇದು ಗುಯ್ಯ್ ಅನ್ನುತ್ತೆ. ನಾನೇ ರಗ್ಗಿನ ತುದಿ ಮಡಿಚಿ ಅದರ ಮೇಲೆ ಒತ್ತಿಬಿಟ್ಟೆ."

ನನ್ನ ಕೈ ನಿಂತುಹೋಯಿತು. ಉಸಿರು ಸಿಗುತ್ತಿಲ್ಲ ಅಂತ ಫ್ಯಾನು ಕೂಗಿದೆ, ಇವರು ಬಾಯಿ ಮುಚ್ಚಿಸಿದ್ದಾರೆ. ಅದೂ ಒಂಬತ್ತು ವರ್ಷ ಆ ಗಾಡಿಯ ಪ್ರತಿ ಸದ್ದಿಗೂ ಎದ್ದು ಓಡಿದ ಮನುಷ್ಯ.

ಎಲ್ಲ ತೊಳೆದು, ಒಣಗಿಸಿ, ಹೊಸ ಫಿಲ್ಟರ್ ಹಾಕಿ ಜೋಡಿಸಿದೆ. ಜೇಬಿನಿಂದ ಪ್ಲಗ್ ತೆಗೆದು ಹಾಕಿದೆ. ಮಷೀನು ಚುಚ್ಚಿ ನೋಡಿದರೆ ಬ್ಯಾಟರಿಯ ಒಂದೊಂದು ಭಾಗವೂ ಸರಿಸಮ. ಒಂದು ಗಂಟೆ ಓಡಿಸಿದೆವು, ಕೆಂಪು ದೀಪ ಬರಲೇ ಇಲ್ಲ.

"ಭಾವ, ಕೇಳಿಸಿಕೊಳ್ಳಿ," ಅಂದೆ. "ಧೂಳು ಕಟ್ಟಿತ್ತು ಅಂತ ಹೇಳಿ. ಸುಳ್ಳೇನಲ್ಲ, ಧೂಳೂ ಇತ್ತು. ರಗ್ಗಿನ ವಿಷಯ ಎತ್ತಬೇಡಿ. ನಾನೇ ಬಂದು ಮಷೀನಲ್ಲಿ ತೋರಿಸ್ತೀನಿ. ನಿಮ್ಮ ಕೀ ನಿಮ್ಮ ಹತ್ತಿರ ಉಳಿಯುತ್ತೆ."

"ಅಜ್ಜಿಗೆ ಎಚ್ಚರ ತಪ್ಪಿತ್ತಲ್ಲೋ."

"ತಪ್ಪಿತ್ತು, ಬಂತಲ್ಲ!"

"ನಾನು ಕರೆದೆ, ಓಗೊಡಲಿಲ್ಲ ಅವರು. ಮುಖಕ್ಕೆ ನೀರು ತಟ್ಟಿದೆ, ಆಗಲೂ ಇಲ್ಲ. ನೀನು ಅಲ್ಲಿರಲಿಲ್ಲ." ಅಷ್ಟು ಹೇಳಿ ರಗ್ಗನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದರು. ನಾನು ಬೀದಿಯಲ್ಲಿ ನಿಂತು ಅವರ ಬೆನ್ನಿಗೆ ಬೈದೆ. ಏನು ಬೈದೆ ಅನ್ನುವುದನ್ನು ಬರೆಯುವುದು ಬೇಡ.

ಸೋಮವಾರ ನಾನೂ ಹೋದೆ. ಎಂಜಿನಿಯರ್ ನಕ್ಷೆಗಳನ್ನು ಹರಡಿಕೊಂಡು ಕೂತಿದ್ದರು. ನಾನು ಮಷೀನು ಹಚ್ಚಿ ಬ್ಯಾಟರಿ ಚೆನ್ನಾಗಿದೆ ಅಂತ ತೋರಿಸಿದೆ. ಅವರ ಮುಖ ಸಡಿಲವಾಯಿತು, ಭಾವನ ಕಡೆ ನೋಡಿ ನಗಲು ಹೊರಟಿದ್ದರು. ಅಷ್ಟರಲ್ಲಿ ಭಾವ ಬಾಯಿ ತೆಗೆದರು. ರಗ್ಗು ಹಾಸಿದ್ದು, ಸದ್ದು ಬಂದದ್ದು, ಮಡಿಚಿ ಒತ್ತಿದ್ದು, ಒಂದೂ ಬಿಡದೆ ಹೇಳಿದರು.

ಎಂಜಿನಿಯರ್ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು.

"ಸದ್ದು ಕೇಳಿಸಿತ್ತಾ ನಿಮಗೆ?"

"ಕೇಳಿಸಿತ್ತು ಸಾರ್."

"ಕೇಳಿಸದೇ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ ಮೆಲ್ಲಣ್ಣ." ಅವರ ದನಿ ಏರಲಿಲ್ಲ. "ನಿಮ್ಮಷ್ಟು ನಿಯತ್ತಿನವರು ನನಗೆ ಸಿಗಲ್ಲ. ಆದರೆ ಇನ್ನು ಅಮ್ಮ ಗಾಡಿ ಹತ್ತಿದಾಗೆಲ್ಲ, ಇವತ್ತು ಯಾವ ಸದ್ದು ಮುಚ್ಚಿದ್ದೀರೋ ಅಂತ ನಾನು ಇಲ್ಲಿ ಕೂತು ಯೋಚಿಸಬೇಕು. ನನ್ನ ಕೈಲಿ ಆಗಲ್ಲ."

ನಾನು ಕುರ್ಚಿಯಿಂದ ಎದ್ದೆ. "ಮುಚ್ಚಿದ್ದು ಯಾರಿಗೋಸ್ಕರ ಸ್ವಾಮಿ? ನಿಮ್ಮಮ್ಮ..." ಭಾವ ನನ್ನ ಮೊಣಕೈ ಹಿಡಿದು ಕೂರಿಸಿದರು. ಮೆಲ್ಲಗೆ ಹಿಡಿದಿರಲಿಲ್ಲ.

"ನಾಳೆ ಮಂಗಳವಾರ ಸಾರ್," ಅಂದರು. "ಹೊಸಬರು ಬಂದರೆ ಒಂದು ಗಂಟೆ ಗಾಡಿ ಪರಿಚಯ ಮಾಡಿಸಿ ಹೋಗ್ತೀನಿ."

ಎಂಜಿನಿಯರ್ ತಲೆಯಾಡಿಸಿದರು. ಅವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಅಷ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದು, ನನ್ನ ತಾಯಿ ಆ ಬಿಸಿಲಲ್ಲಿ ಎಚ್ಚರವಿಲ್ಲದೆ ಕೂತಿದ್ದರೆ, ಪೆನ್ಸಿಲ್ ಕೆಳಗಿಡುವಷ್ಟು ತಾಳ್ಮೆ ನನಗೆ ಇರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹೊಸ ಡ್ರೈವರ್ ಬಂದ, ನನ್ನ ವಯಸ್ಸಿನವನೇ. ಭಾವ ಅವನಿಗೆ ರೆಡಿ ದೀಪ ತೋರಿಸಿದರು, "ಸದ್ದಿಲ್ಲ ಅಂತ ಎರಡನೇ ಸಲ ಒತ್ತಬೇಡಿ" ಅಂದರು. ಬ್ರೇಕಿನ ತುಕ್ಕು, ತಿಂಗಳ ಲೆಕ್ಕದ ಆಯಿಲ್, ಕಿತ್ತಳೆ ವೈರು, ವಾರಕ್ಕೊಮ್ಮೆ ಓಡಿಸುವುದು, ಪೆಟ್ರೋಲ್ ತಳ ಕಾಣಲು ಬಿಡಬಾರದು ಅನ್ನುವುದು, ಎಲ್ಲ ಹೇಳಿದರು. ಅವನು ಹೂಂ ಹೂಂ ಅನ್ನುತ್ತಿದ್ದ. ಆಮೇಲೆ ಭಾವ ಚೀಲದಿಂದ ಕೆಂಪು ರಗ್ಗು ತೆಗೆದರು. ಅಕ್ಕ ಅದನ್ನು ಒಗೆದು, ಒಂದು ಮೂಲೆ ಚೌಕಾಕಾರ ಕತ್ತರಿಸಿ, ಜುಂಗು ಉದುರದ ಹಾಗೆ ಕೆಳಗಡೆ ಹತ್ತಿ ಬಟ್ಟೆ ಕೊಟ್ಟು, ಅಂಚು ಹೊಲಿದಿದ್ದಳು. ಭಾವ ಸೀಟಿನ ಮೇಲೆ ಹಾಸಿದರು. ಕತ್ತರಿಸಿದ ಮೂಲೆಯಲ್ಲಿ ಜಾಲರಿ ಪೂರ್ತಿ ಕಾಣುತ್ತಿತ್ತು.

"ಇಲ್ಲಿ ಕೈ ಇಡಿ," ಅಂದರು. ಹೊಸಬ ಮಂಡಿಯೂರಿ ಅಂಗೈ ಇಟ್ಟ. "ಗಾಳಿ ಒಳಗೆ ಎಳೆಯೋದು ಗೊತ್ತಾಗ್ತಿದೆಯಾ? ದಿನಾ ಹೀಗೆ ಇಟ್ಟು ನೋಡಿ. ಜೋರಾಗಿ ಕೂಗಿದರೆ ಗಾಡಿ ನಿಲ್ಲಿಸಿಬಿಡಿ. ಅಜ್ಜಿಗೆ ಎಚ್ಚರ ಆದರೂ ಪರವಾಗಿಲ್ಲ."

ಅಜ್ಜಿಯನ್ನು ಭಾವನೇ ಕೈಹಿಡಿದು ಕೂರಿಸಿದರು. ಅಜ್ಜಿ ಮುಂದಿನ ಸೀಟಿನತ್ತ ನೋಡಿದರು. "ನೀನು ಬರಲ್ವೇನೋ?"

"ಇವರು ನನಗಿಂತ ಮೆಲ್ಲಗೆ ಓಡಿಸ್ತಾರೆ ಅಜ್ಜಿ."

"ಸುಳ್ಳು," ಅಂದರು ಅಜ್ಜಿ. ರಗ್ಗಿನ ಮೇಲೆ ಕೈಯಾಡಿಸಿ ತಲೆ ಹಿಂದಕ್ಕೆ ಒರಗಿಸಿದರು.

ಭಾವ ಕೀ ಕೊಟ್ಟರು. ಗಾಡಿ ಗೇಟು ದಾಟಿ ಹೋಯಿತು. ಅದು ಹೋದದ್ದಕ್ಕೆ ಸದ್ದೇ ಇರಲಿಲ್ಲ, ಆದರೂ ಅವರು ತಲೆ ಒಂದು ಕಡೆ ವಾಲಿಸಿ ಕೇಳುತ್ತ ನಿಂತಿದ್ದರು. ಪ್ಲಗ್ ಎಳೆದ ಮೇಲೆ ಕಾಯುವ ಹಾಗೆ ಕಾದೆ, ಕರೆಯಲಿಲ್ಲ. ಹತ್ತು ನಿಮಿಷ ಆಗಿರಬೇಕು.