ಭಟ್ಟಿಯ ಹಿಂದಿನ ಕೋಣೆಯಲ್ಲಿ ಚಮಿಚ್

ಬೈರೂತಿಗೆ ಅಂಟಿಕೊಂಡ ಬುರ್ಜ್ ಹಮ್ಮೂದಿನಲ್ಲಿ ಚಪ್ಪಲಿ, ಬೂಟಿನ ಕಸುಬು ಮಾಡಿದವರಿಗೆಲ್ಲ ಅರಾಕ್ಸಿ ಗೊತ್ತು. ಬೈರೂತಿನ ಅರ್ಧ ಹೆಂಗಸರು ಅವಳ ಹೊಲಿಗೆಯ ಮೇಲೆ ನಡೆದಿದ್ದಾರೆ, ಅವರಿಗೆ ಅದು ಗೊತ್ತಿಲ್ಲ ಅಷ್ಟೆ. ಅಪ್ಪ ರಂಪಿಗೆ ಹಿಡಿದು ಚರ್ಮ ಕೊಯ್ದರೆ ಮಗಳು ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಳು. ಮದುವೆಯ ಮಾತೆತ್ತಿದವರಿಗೆ, "ಈ ಜೋಡಿ ಮುಗೀಲಿ, ಆಮೇಲೆ ನೋಡೋಣ" ಅನ್ನುತ್ತಿದ್ದಳು. ಒಂದು ಜೋಡಿ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹಾಗೆಯೇ ತಲೆ ನರೆಯಿತು. ಅದರ ಬಗ್ಗೆ ಅವಳು ಕೊರಗಿದ್ದನ್ನು ಯಾರೂ ನೋಡಿಲ್ಲ.

ಕೈತುಂಬ ಕೆಲಸವಿದ್ದ ಕಾಲದಲ್ಲಿ ಶ್ರೀಮಂತರ ಮನೆಯ ಹೆಂಗಸರಿಗೆ ಹಾವಿನ ಚರ್ಮದ ಚಪ್ಪಲಿಯ ಹುಚ್ಚು ಹಿಡಿದಿತ್ತು. ದೂರದ ಊರುಗಳಿಂದ ಹದ ಮಾಡಿದ ಚರ್ಮ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಕಾಗದದಷ್ಟು ತೆಳು, ಸೂಜಿ ಒಂದು ಸಲ ತಪ್ಪಿದರೆ ಇಡೀ ತುಂಡು ಹಾಳು. ಅರಾಕ್ಸಿಯ ಬೆರಳು ಹಗುರವೆಂದು ಅಪ್ಪ ಅದನ್ನು ಅವಳಿಗೇ ಕೊಡುತ್ತಿದ್ದ. ಬೆನ್ನಿನ ಹುರುಪೆ ಕಾಳಿನಂತೆ, ಹೊಟ್ಟೆಯ ಹುರುಪೆ ಅಗಲ ಪಟ್ಟಿಯಂತೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಇದೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಜೀವವಿದ್ದ ಹಾವನ್ನು ಮಾತ್ರ ಅವಳು ಕಂಡಿರಲಿಲ್ಲ.

ಅದನ್ನು ತೋರಿಸಿದವನು ಹ್ರಾಂತ್. ಮೂಲೆಯಲ್ಲಿ ಹಕ್ಕಿ, ಮೀನು ಮಾರುವ ಅಂಗಡಿ ಇಟ್ಟಿದ್ದ. ಎಲ್ಲದರ ಬೆಲೆ ಆಕಾಶಕ್ಕೇರಿ, ಮನೆಯವರ ಹೊಟ್ಟೆ ತುಂಬಿಸುವುದೇ ಕಷ್ಟವಾದ ಮೇಲೆ ಹಕ್ಕಿ ಕೊಳ್ಳುವವರು ಯಾರು? ಅಂಗಡಿ ಮುಚ್ಚುವ ವಾರ ಅರಾಕ್ಸಿ ಅವನ ಬೂಟು ರಿಪೇರಿ ಮಾಡಿಕೊಡಲು ಹೋದಳು. ಪಂಜರಗಳೆಲ್ಲ ಖಾಲಿಯಾಗಿದ್ದವು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವೊಂದು ಚೆಂಡಿನಂತೆ ಸುತ್ತಿಕೊಂಡು ಕೂತಿತ್ತು. ಮೈಬಣ್ಣ ಒಣದ್ರಾಕ್ಷಿಯದು.

"ವಿಷ ಇಲ್ಲ, ಅರಾಕ್ಸಿಯಮ್ಮ. ಇಲಿ ಕೊಟ್ರೆ ತಿನ್ನುತ್ತೆ, ಇಲ್ದಿದ್ರೆ ಸುಮ್ನೆ ಇರುತ್ತೆ. ಬಾಡಿಗೆದಾರ ಹೀಗಿದ್ರೆ ಯಾರು ಬೇಡ ಅಂತಾರೆ?" ಎಂದು ಹ್ರಾಂತ್ ಅದನ್ನೆತ್ತಿ ಅವಳ ಮಡಿಲಿಗಿಟ್ಟ.

ಅರಾಕ್ಸಿ ಅಂಗೈಯನ್ನು ಅದರ ಬೆನ್ನ ಮೇಲಿಟ್ಟಳು. ಅಷ್ಟು ವರ್ಷ ಹೊಲಿದ ಅದೇ ಹುರುಪೆ, ಅದೇ ನುಣುಪು. ಆದರೆ ಕೈಯಡಿ ಅದು ಉಸಿರಾಡಿತು. ನಿಧಾನವಾಗಿ ಅವಳ ಮಣಿಕಟ್ಟನ್ನು ಸುತ್ತಿ, ನಾಲಿಗೆ ಚಾಚಿ ಗಾಳಿ ನೋಡಿತು. ಅವಳು ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟಳು. ಆಮೇಲೆ, "ಪೆಟ್ಟಿಗೆ ಮೇಲೆ ನಮ್ಮನೇಗೆ ಹೊತ್ತುಕೊಡ್ತೀಯಾ?" ಎಂದಷ್ಟೇ ಕೇಳಿದಳು. ಒಣದ್ರಾಕ್ಷಿಗೆ ಅರಾಕ್ಸಿಯವರ ಮನೆಮಾತಿನಲ್ಲಿ ಚಮಿಚ್ ಎನ್ನುತ್ತಾರೆ, ಅದೇ ಹೆಸರಾಯಿತು.

ಬೀದಿಯವರು ಮೂಗು ಮುರಿದರು. ಎದುರು ಮನೆಯ ವೆರ್ಜಿನ್ ಮುದುಕಿ, "ಹಾವಿರೋ ಮನೇಲಿ ನಾನು ಕಾಫಿ ಕುಡಿಯಲ್ಲ" ಎಂದು ಸಾರಿ, ಎರಡನೇ ದಿನವೇ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದಳು. ಕೆಳಗೆ ಮಾಂಸ ಹರಡಿದ ತೆಳು ರೊಟ್ಟಿ ಲಹ್ಮಜೂನ್ ಸುಡುವ ಭಟ್ಟಿಯ ಗಾರ್ಬಿಸ್ ಮಾತ್ರ ಆ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಆನೆಯಂಥ ಆಳು, ಹಿಟ್ಟಿನ ಮೂಟೆಯನ್ನು ಒಂದೇ ಕೈಲಿ ಎತ್ತುವವನು. "ನೀನು ಬುಟ್ಟಿ ಇಳಿಸು, ರೊಟ್ಟಿ ಹಾಕ್ತೀನಿ. ಆ ನಿನ್ನ ಸಂಬಂಧಿಕನ ಮುಖ ಮಾತ್ರ ತೋರಿಸ್ಬೇಡ" ಎನ್ನುತ್ತಿದ್ದ.

ಹಾವಿಗೆ ಬೇಕಾದದ್ದು ಬೆಚ್ಚನೆಯ ಜಾಗ. ಬೇಸಗೆಯಲ್ಲಿ ಚಿಂತೆಯಿಲ್ಲ. ಚಳಿಗಾಲಕ್ಕೆಂದು ಹ್ರಾಂತ್ ಪೆಟ್ಟಿಗೆಯ ತಳಕ್ಕೆ ಕರೆಂಟಿನ ಬಿಸಿ ಹಾಸು ಅಂಟಿಸಿ, ಶಾಖ ಹದ ಮೀರದಂತೆ ತಡೆಯುವ ಒಂದು ಪುಟ್ಟ ಡಬ್ಬಿಯನ್ನೂ ಜೋಡಿಸಿಕೊಟ್ಟಿದ್ದ. ಆದರೆ ಆ ಊರಲ್ಲಿ ಕರೆಂಟೆಂದರೆ ಬಂದು ಹೋಗುವ ನೆಂಟ. ಅದು ಹೋದಾಗ ಬೀದಿಯ ಜನರೇಟರ್, ಜನರೇಟರ್ ನಿಂತಾಗ ಕತ್ತಲೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಬಲ್ಬುಗಳು ಒಮ್ಮೆ ಭಗ್ಗೆಂದು ಉರಿಯುವುದು ಎಲ್ಲರಿಗೂ ಅಭ್ಯಾಸವಾಗಿತ್ತು.

ಆ ಚಳಿಗಾಲದ ಒಂದು ಬೆಳಿಗ್ಗೆ ಚಮಿಚ್ ತನ್ನ ಗೂಡಿನಲ್ಲಿರಲಿಲ್ಲ. ನೀರಿನ ಬಟ್ಟಲಲ್ಲಿ ಮುದುಡಿ ಕೂತಿತ್ತು. ಪೊರೆ ಬಿಡುವ ಕಾಲವಿರಬಹುದು ಎಂದುಕೊಂಡು ಅರಾಕ್ಸಿ ಕಣ್ಣು ನೋಡಿದಳು. ಪೊರೆ ಬಿಡುವ ಮೊದಲು ಹಾವಿನ ಕಣ್ಣಿಗೆ ಹಾಲು ಕವಿದಂತಾಗುತ್ತದೆ. ಇದರ ಕಣ್ಣು ತಿಳಿಯಾಗಿತ್ತು. ಹುಳ ಹತ್ತಿದೆಯೇ ಎಂದು ನೀರು ನೋಡಿದಳು. ಒಂದೂ ಇರಲಿಲ್ಲ. ಎತ್ತಲು ಹೋದರೆ ಎಂದೂ ಬುಸುಗುಟ್ಟದ್ದು ಬುಸುಗುಟ್ಟಿತು. ಬಟ್ಟಲಿಂದ ಹೊರಬಂದು ಹರಿಯುವಾಗ ನಡುಮೈಯನ್ನು ನೆಲಕ್ಕೆ ತಾಗಿಸದೆ ಡೊಂಕು ಮಾಡಿ ಎತ್ತಿಕೊಂಡಿತ್ತು. ಬೆನ್ನೇ ಮುರಿದಿದೆಯೇನೋ ಎಂದುಕೊಂಡಳು.

ಎರಡೂ ಕೈಯಲ್ಲಿ ಮೈ ಉದ್ದಕ್ಕೆ ಆಸರೆ ಕೊಟ್ಟು ಎತ್ತಿದಳು. ಬೆನ್ನಿನ ಮೇಲೆ ಬೆರಳು ಸರಿಯಾಗಿಯೇ ಓಡಿತು. ಹೊಟ್ಟೆಗೆ ಬಂದಾಗ ನಿಂತಿತು. ಅಲ್ಲಿನ ಪಟ್ಟಿಗಳು ಗಡುಸಾಗಿದ್ದವು, ಅಂಚು ಮೇಲೆದ್ದಿತ್ತು. ಇಸ್ತ್ರಿ ಪೆಟ್ಟಿಗೆ ತಾಗಿದ ಚರ್ಮದ ಗಡಸು ಅದು, ಅವಳಿಗೆ ಚೆನ್ನಾಗಿ ಗೊತ್ತು. ತಿರುಗಿಸಿ ಬೆಳಕಿಗೆ ಹಿಡಿದಳು. ಬೆಣ್ಣೆ ಬಣ್ಣದ ಹೊಟ್ಟೆಯ ಮೇಲೆ ಅಂಗೈಯಗಲ ಕಂದುಗಟ್ಟಿತ್ತು, ಅದರ ಸುತ್ತ ಕೆಂಪು, ಒಂದೆರಡು ನೀರ್ಗುಳ್ಳೆ. ಪೆಟ್ಟಿಗೆಯ ತಳ ಮುಟ್ಟಿದಳು. ಕಾವಲಿ ಮುಟ್ಟಿದಂತೆ ಕೈ ಹಿಂದಕ್ಕೆ ಬಂತು.

ಮೊದಲು ಪ್ಲಗ್ಗು ಕಿತ್ತಳು. ಆಮೇಲೆ ಹ್ರಾಂತ್‌ಗೆ ಫೋನು ಮಾಡಿದಳು. ಅವನೀಗ ಊರೆಲ್ಲ ಸುತ್ತಿ ಪಾರ್ಸೆಲ್ ಹಂಚುತ್ತಿದ್ದ. ಗಾಡಿ ಬದಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಐಸ್ ಇಡ್ಬೇಡಿ. ಚಳಿ ಬಿಟ್ಟ ನೀರು ಸ್ವಲ್ಪ ಹೊತ್ತು ಮೆಲ್ಲಗೆ ಹಾಕಿ. ಗುಳ್ಳೆ ಒಡೀಬೇಡಿ. ಪೆಟ್ಟಿಗೇಲಿರೋ ಮರದ ಚೂರೆಲ್ಲ ತೆಗ್ದು ಬಿಳೀ ಕಾಗದ ಹಾಸಿ, ಗಾಯಕ್ಕೆ ಕೊಳೆ ಅಂಟಬಾರ್ದು. ಇವತ್ತೇ ಪ್ರಾಣಿಗಳ ಡಾಕ್ಟರ್ ರೂಬಾ ಹತ್ರ ಹೋಗಿ. ನಾಳೆ ಅನ್ಬೇಡಿ. ಹಾವಿಗೆ ನೋವು ತೋರ್ಸೋಕೆ ಬರಲ್ಲ, ತೋರಿಸ್ತಿದೆ ಅಂದ್ರೆ ಜಾಸ್ತಿನೇ ಆಗಿದೆ ಅಂತ."

ಸದ್ದು ಕೇಳಿ ವೆರ್ಜಿನ್ ಬಂದಳು. ವಿಷಯ ತಿಳಿದದ್ದೇ ತಡ, "ಟೂತ್‌ಪೇಸ್ಟ್ ಹಚ್ಚೇ ಹುಡುಗಿ. ಇಲ್ಲಾಂದ್ರೆ ಆಲಿವ್ ಎಣ್ಣೆ. ನಮ್ಮಮ್ಮ ಒಲೇಲಿ ಕೈ ಸುಟ್ಕೊಂಡಾಗೆಲ್ಲ ಅದನ್ನೇ ಹಚ್ತಿದ್ಲು" ಎಂದಳು.

"ಹದ ಮಾಡಿದ ಚರ್ಮಕ್ಕೆ ಎಣ್ಣೆ ಹಚ್ತೀನಿ, ವೆರ್ಜಿನಕ್ಕ. ಜೀವ ಇರೋ ಚರ್ಮ ನಂಗೆ ಗೊತ್ತಿಲ್ಲ. ಡಾಕ್ಟ್ರು ಹೇಳ್ದೆ ಏನೂ ಹಚ್ಚಲ್ಲ."

ವೆರ್ಜಿನ್ ಮುನಿಸಿಕೊಂಡು ಹೋದಳು. ಮರುಗಳಿಗೆಯಲ್ಲೇ ಒಗೆದು ಮಡಿಸಿಟ್ಟ ದಿಂಬಿನ ಚೀಲವೊಂದನ್ನು ತಂದಳು. "ಇದ್ರಲ್ಲಿ ಹಾಕ್ಕೊಂಡ್ಹೋಗು. ಮದುವೆಗೆ ಕೊಟ್ಟಿದ್ದು, ಒಳ್ಳೇ ಬಟ್ಟೆ. ವಾಪಸ್ ತರ್ಬೇಡ ಮತ್ತೆ."

ಚೀಲದಲ್ಲಿ ಹಾವು, ಬೂಟಿನ ರಟ್ಟಿನ ಪೆಟ್ಟಿಗೆಯಲ್ಲಿ ಚೀಲ, ಶಾಲಿನೊಳಗೆ ಪೆಟ್ಟಿಗೆ. ದಾರಿಯುದ್ದಕ್ಕೂ ಜನರನ್ನು ಹತ್ತಿಸಿಕೊಳ್ಳುವ ಬಾಡಿಗೆ ಕಾರು ಹತ್ತಿದಳು. ನದಿಯ ಸೇತುವೆಯ ಮೇಲೆ ವಾಹನಗಳು ಸಿಕ್ಕಿಕೊಂಡು ನಿಂತಾಗ ಚಾಲಕ ಕನ್ನಡಿಯಲ್ಲಿ ನೋಡಿ, "ಕೇಕಾ?" ಎಂದ.

"ಹಾವು."

ಅವನು ಹಿಂದಕ್ಕೆ ತಿರುಗಿ ಪೆಟ್ಟಿಗೆ ನೋಡಿದ. "ಸತ್ತಿದ್ದಾ, ಬದುಕಿದ್ದಾ?"

"ಬದುಕಿದೆ. ಮೈ ಸುಟ್ಕೊಂಡಿದೆ. ಆಸ್ಪತ್ರೆಗೆ ಕರ್ಕೊಂಡ್ಹೋಗ್ತಿದೀನಿ."

"ದೇವ್ರೇ," ಎಂದು ಅವನು ಸೀಟನ್ನು ಮುಂದಕ್ಕೆ ಎಳೆದುಕೊಂಡ, ಹಾವಿಂದ ಅಷ್ಟಾದರೂ ದೂರವಿರಲೆಂದು. ಆದರೆ ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ, ತನ್ನ ಪಕ್ಕದ ಕಿಟಕಿಯ ಗಾಜನ್ನೂ ಪೂರ್ತಿ ಏರಿಸಿದ. ಚಳಿ ತಾಗಬಾರದಲ್ಲ.

ಡಾಕ್ಟರ್ ರೂಬಾ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಬೆನ್ನುಮೂಳೆಯ ಮೇಲೆ ಬೆರಳೋಡಿಸಿದಳು, ಬಾಯಿ ತೆರೆಸಿ ನೋಡಿದಳು, ಮಗುಚಿಟ್ಟು ಅದು ತಾನೇ ಸರಿಯಾಗಿ ತಿರುಗಿಕೊಳ್ಳುವುದನ್ನು ಗಮನಿಸಿದಳು.

"ಮೂಳೆ ಚೆನ್ನಾಗಿದೆ. ಸುಟ್ಟಿರೋದು ಮಾತ್ರ ಆಳ ಇದೆ. ಎಷ್ಟು ಆಳ ಅಂತ ಇವತ್ತೇ ಹೇಳೋಕಾಗಲ್ಲ, ಹಾವಿನ ಮೈಲಿ ಗಾಯ ನಿಧಾನಕ್ಕೆ ಗೊತ್ತಾಗುತ್ತೆ. ಬದುಕುತ್ತೆ ಅನ್ಸುತ್ತೆ. ಮಾತು ಕೊಡಲ್ಲ."

"ಅಷ್ಟು ಬಿಸಿಯಾಗ್ತಿದ್ರೆ ಎದ್ದು ಹೋಗ್ಬಾರ್ದಿತ್ತಾ, ಡಾಕ್ಟ್ರೇ?"

"ಅದಕ್ಕೆ ಹೊಟ್ಟೆ ಅಡಿಯಿಂದ ಬರೋ ಬಿಸಿ ತಕ್ಷಣ ತಿಳಿಯಲ್ಲ. ಹಿತ ಅಂತ ಮಲಗಿರುತ್ತೆ. ಆ ಡಬ್ಬಿ ಕರೆಂಟ್ ಏರಿದಾಗ ಸುಟ್ಟು ಹೋಗಿರುತ್ತೆ. ನೀವೇನೂ ತಪ್ಪು ಮಾಡಿಲ್ಲ, ಅಳ್ಬೇಡಿ." ಅರಾಕ್ಸಿಗೆ ತಾನು ಅಳುತ್ತಿರುವುದು ಆಗಲೇ ಗೊತ್ತಾದದ್ದು.

ನೋವಿಗೆ, ಕೀವಾಗದಿರಲು ಸೂಜಿಮದ್ದು, ಹಚ್ಚಲು ಬಿಳಿ ಮುಲಾಮು. ಮೈ ಒಣಗಿರಬೇಕು, ಕಾಗದ ದಿನಾ ಬದಲಿಸಬೇಕು, ಸುಮ್ಮನೆ ಎತ್ತಿ ಆಡಿಸಕೂಡದು, ಸದ್ಯಕ್ಕೆ ತಿನ್ನಿಸುವ ಹಟ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಬೆಚ್ಚಗಿರಬೇಕು, ಅದೂ ಒಂದೇ ಸಮನಾಗಿ. "ಮೈ ತಣ್ಣಗಾದ್ರೆ ಔಷಧಿ ಹತ್ತಲ್ಲ. ತಳದಿಂದ ಬಿಸಿ ಬೇಡ, ಸುತ್ತ ಗಾಳಿ ಬೆಚ್ಚಗಿರ್ಲಿ," ಎಂದಳು ಡಾಕ್ಟರ್.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಪೇಚು. ಕರೆಂಟು ನಂಬುವಂತಿಲ್ಲ, ಹಾವನ್ನು ಚಳಿಗೆ ಬಿಡುವಂತಿಲ್ಲ. ಅರಾಕ್ಸಿ ಬಾಟಲಿಗಳಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯ ಪಕ್ಕಕ್ಕಿಟ್ಟಳು. ಒಂದು ಸರದಿ ಕಾಯಿಸಿ ಮುಗಿಸುವಷ್ಟರಲ್ಲಿ ಹಿಂದಿನದು ತಣ್ಣಗಾಗುತ್ತಿತ್ತು. ಹೊಲಿಗೆ ಮೂಲೆಗೆ ಬಿತ್ತು. ನಿದ್ದೆಗೆಟ್ಟ ಕಣ್ಣಲ್ಲೇ ಮರುದಿನ ರೊಟ್ಟಿಗೆ ಬುಟ್ಟಿ ಇಳಿಸಿದಳು.

"ಏನಾಯ್ತು ನಿಂಗೆ? ಹೆಣದ ಹಾಗೆ ಕಾಣ್ತಿದೀಯ," ಎಂದ ಗಾರ್ಬಿಸ್ ಕೆಳಗಿಂದ.

ಅವಳು ಹೇಳಿದಳು. ಗಾರ್ಬಿಸ್ ರೊಟ್ಟಿ ಹಾಕಿ, ಹೋಗದೆ ನಿಂತೇ ಇದ್ದ. ಏಪ್ರನ್ನಿಗೆ ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಭಟ್ಟಿ ಹಿಂದೆ ನಮ್ಮಪ್ಪನ ಕೋಣೆ ಇದೆ," ಎಂದ ಕೊನೆಗೆ. "ಅವ್ನು ಹೋದ್ಮೇಲೆ ಮುರುಕು ಕುರ್ಚಿ ತುಂಬಿಟ್ಟಿದೀನಿ. ಅಂಗಡಿಗೂ ಅದಕ್ಕೂ ನಡುವೆ ಗೋಡೆ, ಬಾಗ್ಲು ಗಲ್ಲಿ ಕಡೆಗೆ. ಭಟ್ಟಿ ಆರಿದ್ರೂ ಆ ಗೋಡೆ ತಣ್ಣಗಾಗಲ್ಲ. ನಮ್ಮಪ್ಪ ಚಳಿಗಾಲದಲ್ಲೂ ಅಂಗಿ ಬಿಚ್ಚಿ ಮಲಗ್ತಿದ್ದ."

"ನಿಂಗೆ ಭಯ ಅಲ್ವಾ, ಗಾರ್ಬಿಸ್?"

"ಭಯನೇ. ನಾನೇನು ಅದ್ರ ಜೊತೆ ಮಲಗ್ತೀನಾ? ಬೀಗ ಹಾಕು, ಬೀಗದ ಕೈ ನೀನೇ ಇಟ್ಕೋ. ಗಿರಾಕಿಗಳಿಗೆ ಮಾತ್ರ ಗೊತ್ತಾಗ್ಬಾರ್ದು, ಆಮೇಲೆ ಲಹ್ಮಜೂನಿನಲ್ಲಿರೋ ಮಾಂಸ ಯಾವುದು ಅಂತ ಕೇಳ್ತಾರೆ."

ಕುರ್ಚಿಗಳನ್ನು ಅವನೇ ಹೊರಗೆ ಹಾಕಿದ. ಗೋಡೆಯನ್ನು ಅರಾಕ್ಸಿ ಮುಟ್ಟಿ ನೋಡಿದಳು. ಮಲಗಿದ ಹಸುವಿನ ಪಕ್ಕೆಯಂತೆ ಬೆಚ್ಚಗಿತ್ತು. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ಒಂದು ಮೊಳ ಬಿಟ್ಟು ಮೇಜಿನ ಮೇಲಿಟ್ಟು, ಒಳಗೆ ಉಷ್ಣಮಾಪಕ ಇಟ್ಟಳು. ಡಾಕ್ಟರ್ ಹೇಳಿದ ಹದದಲ್ಲೇ ಅದು ನಿಂತಿತು. ಅವಳು ಅಲ್ಲೇ ನೆಲದ ಮೇಲೆ ಕೂತು ನಿದ್ದೆಹೋದಳು.

ಗುಟ್ಟೇನೋ ಗುಟ್ಟೇ. ಆದರೆ ವೆರ್ಜಿನ್‌ಗೆ ಗೊತ್ತಿರುವ ಗುಟ್ಟು. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ತಿಳಿದಿತ್ತು. ಗಾರ್ಬಿಸ್ ಅಂಜಿದಂತೆ ಯಾರೂ ಅಂಗಡಿ ಬಿಡಲಿಲ್ಲ. ಸಾಲಿನಲ್ಲಿ ನಿಂತವರು, "ರೋಗಿ ಹೇಗಿದಾನೆ?" ಎಂದು ಕೇಳತೊಡಗಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನಲು ನಾಚಿಕೆ. ಹಾಗಾಗಿ ಅರಾಕ್ಸಿ ಮುಲಾಮು ಹಚ್ಚುವಾಗ ಬಾಗಿಲ ಹೊರಗೆ ನಿಂತು ಕೂಗಿ ವಿಚಾರಿಸುವುದು ಶುರುವಾಯಿತು. ಕೆಲವು ವಾರ ಕಳೆದ ಮೇಲೆ ಹೊಸ್ತಿಲವರೆಗೆ ಬಂದ. ಮತ್ತೊಂದು ದಿನ ಅರಾಕ್ಸಿ ಹಾವಿನ ಮೈ ಹಿಡಿಯಲಾಗದೆ ಒದ್ದಾಡುತ್ತಿದ್ದಾಗ, ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿ, ಬಾಲದ ಕಡೆ ಹಿಡಿದುಕೊಂಡ. "ಒದ್ದೆ ಇರುತ್ತೆ ಅಂದ್ಕೊಂಡಿದ್ದೆ," ಎಂದ ಆಮೇಲೆ. "ಒಣಗಿದೆಯಲ್ಲ."

ಕಂದುಗಟ್ಟಿದ ಹುರುಪೆ ಒಂದೊಂದಾಗಿ ಉದುರಿ ಅಡಿಯಲ್ಲಿ ಎಳೆಗೆಂಪು ಚರ್ಮ ಕಾಣಿಸಿತು. ನಡುವೆ ಒಮ್ಮೆ ಅಂಚಿನಲ್ಲಿ ಕೀವು ಕಂಡು, ಡಾಕ್ಟರ್ ರೂಬಾ ತನ್ನ ಮನೆಗೆ ಹೋಗುವ ದಾರಿ ಬಿಟ್ಟು ಭಟ್ಟಿಗೇ ಬಂದು ಸೂಜಿ ಚುಚ್ಚಿದಳು. ಹೋಗುವಾಗ ಗಾರ್ಬಿಸ್ ಅವಳ ಕೈಗೆ ಬಿಸಿ ಲಹ್ಮಜೂನಿನ ಪೊಟ್ಟಣ ತುರುಕಿ, "ಕುರಿ ಮಾಂಸ, ಡಾಕ್ಟ್ರೇ. ಆಣೆ ಮಾಡ್ತೀನಿ," ಎಂದ. ಆವತ್ತು ಡಾಕ್ಟರ್ ನಕ್ಕಿದ್ದನ್ನು ಅರಾಕ್ಸಿ ಮೊದಲ ಸಲ ನೋಡಿದಳು.

ಬಾದಾಮಿ ಮರ ಹೂ ಬಿಡುವ ಹೊತ್ತಿಗೆ ಚಮಿಚ್ ಪೊರೆ ಬಿಟ್ಟಿತು. ಗಾಯವಿದ್ದಲ್ಲಿ ಪೊರೆ ಹರಿದು ಸಿಕ್ಕಿಕೊಂಡಿತ್ತು. ಡಾಕ್ಟರ್ ಅದನ್ನು ಒದ್ದೆ ಹತ್ತಿಯಿಂದ ಬಿಡಿಸಿದಳು. ಕೆಳಗೆ ಹೊಸ ಹುರುಪೆ ಬಂದಿತ್ತು, ಸಣ್ಣದು, ಸೊಟ್ಟಪಟ್ಟ.

"ಕಲೆ ಉಳಿಯುತ್ತೆ. ಬೇರೆ ತೊಂದ್ರೆ ಇಲ್ಲ. ಎಷ್ಟೋ ಜನ ವಾರ ಬಿಟ್ಟು ತರ್ತಾರೆ. ನೀವು ಅವತ್ತೇ ತಂದ್ರಿ," ಎಂದಳು.

ಅರಾಕ್ಸಿಗೆ ಥ್ಯಾಂಕ್ಸ್ ಹೇಳುವುದು ಬರುತ್ತಿರಲಿಲ್ಲ. "ನಿಮ್ಮ ಪಾದ ಈ ಕಾಗದದ ಮೇಲಿಡಿ" ಎಂದು ಅಳತೆ ತೆಗೆದುಕೊಂಡಳು. ದಿನವಿಡೀ ನಿಂತಿರುವ ಡಾಕ್ಟರಿಗೆ ಮೆತ್ತನೆ ಅಟ್ಟೆಯ ಬೂಟು ಹೊಲಿದಳು. ಗಾರ್ಬಿಸ್‌ಗೂ ಒಂದು ಜೋಡಿ, ಹ್ರಾಂತ್‌ಗೂ ಒಂದು. ವೆರ್ಜಿನ್‌ಗೆ ಉಣ್ಣೆಯ ಒಳಪದರದ ಮನೆಚಪ್ಪಲಿ. ಆ ಕಾರಿನ ಚಾಲಕನನ್ನೂ ಸೇತುವೆಯ ಹತ್ತಿರ ಹುಡುಕಿದಳು, ಸಿಗಲಿಲ್ಲ. ಭಾನುವಾರ ಚರ್ಚಿನಲ್ಲಿ ಅವನಿಗಾಗಿ ಒಂದು ಮೇಣದಬತ್ತಿ ಹಚ್ಚಿದಳು, ಹೆಸರು ಗೊತ್ತಿಲ್ಲದೆ.

ಚಳಿ ಕಳೆದಿತ್ತು, ಹಾವು ಮನೆಗೆ ಬಂತು. ಉಳಿದಿದ್ದ ಚಿಂತೆ ಒಂದೇ. ಅದಿನ್ನೂ ಏನೂ ತಿಂದಿರಲಿಲ್ಲ. ಇಂಥ ಹಾವು ತಿಂಗಳುಗಟ್ಟಲೆ ಉಪವಾಸವಿದ್ದರೂ ತಡೆಯುತ್ತದೆಂದು ಡಾಕ್ಟರ್ ಹೇಳಿದ್ದರೂ ಅರಾಕ್ಸಿಗೆ ತುತ್ತು ಇಳಿಯುತ್ತಿರಲಿಲ್ಲ. ಒಂದು ಸಂಜೆ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿದ ಸತ್ತ ಸಣ್ಣ ಇಲಿಯೊಂದನ್ನು ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದಳು. ಚಮಿಚ್ ನಾಲಿಗೆ ಹೊರಳಿಸಿತು. ಬಹಳ ಹೊತ್ತು ನೋಡಿತು. ಆಮೇಲೆ ಗಪ್ಪನೆ ಹಿಡಿದು ಸುತ್ತಿಕೊಂಡಿತು.

ಅದು ನುಂಗಿ ಮುಗಿಸುವವರೆಗೂ ಅರಾಕ್ಸಿ ಅಲುಗಲಿಲ್ಲ. ಬಳಿಕ ಬಾಗಿಲು ತೆರೆದು, "ವೆರ್ಜಿನಕ್ಕ, ತಿಂತು," ಎಂದಳು.

ವೆರ್ಜಿನ್ ಬಾಲ್ಕನಿಗೆ ಹೋಗಿ ಪಕ್ಕದ ಬಾಲ್ಕನಿಗೆ ಹೇಳಿದಳು. ಅಲ್ಲಿಂದ ಮಾತು ಒಣಹಾಕಿದ ಬಟ್ಟೆಗಳ ಸಂದಿನಲ್ಲಿ ಬೀದಿಯ ಆಚೆಗೆ ಹೋಯಿತು. "ತಿಂತಂತೆ." "ಏನು ತಿಂತು?" "ಇಲಿ." "ಪೂರ್ತಿನಾ?" ಕೆಳಗೆ ಗಾರ್ಬಿಸ್ ಅಂಗಡಿಯಿಂದ ಹೊರಗೆ ಬಂದು, ಮೇಲೆ ನೋಡಿ, ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ, ಒಮ್ಮೆ ದೇವರ ಕಡೆಗೂ ಒಮ್ಮೆ ಅವಳ ಕಿಟಕಿಯ ಕಡೆಗೂ ತೋರಿಸಿದ. ಅರಾಕ್ಸಿ ಎದೆಯ ಮೇಲೆ ಕೈಯಿಟ್ಟುಕೊಂಡು ಅವನಿಗೆ ತಲೆಬಾಗಿದಳು. ಆಮೇಲೆ ಒಳಗೆ ಹೋಗಿ ಎಷ್ಟೋ ದಿನದ ಮೇಲೆ ತನಗೂ ಒಂದು ತಟ್ಟೆ ಬಡಿಸಿಕೊಂಡಳು.