ಹೊದಿಕೆ ತೆಗೆಯದೆ ನೋಡಿದ್ದು

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ, ಮೊದಲ ಮಹಡಿಯಲ್ಲಿ ನಮ್ಮ ಕಚೇರಿ. ಸುತ್ತಲಿನ ಸಹಕಾರ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಹೊಸನಗರ ಕಡೆಯ ಒಂದು ಸಂಘದ ಚುನಾವಣೆಗೆ ಮುಂಚೆ, ಸದಸ್ಯರು ಲಾಗಿನ್ ಆಗಿ 'ಇದು ನನ್ನ ಖಾತೆ' ಎಂದು ಒತ್ತುವ ಪುಟವನ್ನು ಬರೆದವಳು ನಾನು. ಗಡುವಿನೊಳಗೆ ಒತ್ತದವರಿಗೆ ಮತವೂ ಇಲ್ಲ, ಸ್ಪರ್ಧೆಯೂ ಇಲ್ಲ.

ಗಡುವಿಗೆ ಎರಡು ದಿನವಿದ್ದಾಗ ಐವತ್ತು ದಾಟಿದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ನಿರ್ದೇಶಕರ ಸ್ಥಾನಕ್ಕೆ ನಿಲ್ಲುವವರಿದ್ದರು, ಅದೂ ಮಹಿಳಾ ಮೀಸಲು ಸ್ಥಾನಕ್ಕಲ್ಲ. ಅವರು ಒತ್ತಿದಾಗಲೆಲ್ಲ ಮೊಬೈಲು 'ಈ ಖಾತೆ ನಿಮ್ಮದಲ್ಲ' ಎನ್ನುತ್ತಿತ್ತು. ಸಂಘದ ಗುಮಾಸ್ತರು, ಅದು ಸರಿಯಾಗುವ ತನಕ ತಾವು ಕೈ ಹಾಕುವುದಿಲ್ಲ ಎಂದು ಇಲ್ಲಿಗೆ ಅಟ್ಟಿದ್ದರು.

ಕಾಗದ ನೋಡಿದೆ. ಆಧಾರಿನಲ್ಲಿ ತೀರ್ಥಹಳ್ಳಿಯ ತವರಿನ ಹೆಸರು, ಷೇರು ಪತ್ರದಲ್ಲಿ ಮದುವೆಯ ದಿನ ಗಂಡನ ಮನೆಯವರು ಇಟ್ಟ ಹೆಸರು. ನನಗೂ ಹಾಗೇ ಎರಡು ಹೆಸರಿವೆ. ಆದರೂ ಮಹಾ ಬುದ್ಧಿವಂತಳ ಹಾಗೆ, ಎರಡೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ತರಲು ಹೇಳಿದೆ.

"ನಾನೇ ಅಲ್ವಾ ಮೇಡಂ ಎದುರಿಗೆ ಕೂತಿರೋದು? ಸದಸ್ಯತ್ವದ ನಂಬರ್ ಒಂದೇ ಇದ್ಯಲ್ಲ, ಅದನ್ನ ನೋಡಿ" ಎಂದರು.

ನಾನು ನೋಡಲಿಲ್ಲ. ಮರುದಿನ ಅಫಿಡವಿಟ್ ತಂದರು. ಹೆಸರು ತಿದ್ದಿದೆ, ಅವರು ಒತ್ತಿದರು, ಅದೇ ಉತ್ತರ. ಇನ್ನೊಂದು ದಿನ ಕಾಯಿರಿ ಎಂದೆ. ಗಡುವು ಮುಗಿಯಿತು.

ಒಂದು ವಾರದ ಮೇಲೆ, ಬೇರೇನೋ ಹುಡುಕುತ್ತಾ ಆ ಪುಟಕ್ಕೆ ನಾನೇ ಬರೆದ ಕೋಡಿನ ಒಂದು ಸಾಲು ಕಣ್ಣಿಗೆ ಬಿತ್ತು. ನಾವು ಬಳಸುವ ಫ್ರೇಮ್‌ವರ್ಕ್ ಎಂಬ ಸಿದ್ಧ ತಂತ್ರಾಂಶ ಲಾಗಿನ್ ಆದವರ ವಿವರವನ್ನು ಬರಿದಾಗಿ ಕೊಡುವುದಿಲ್ಲ, ಒಂದು ಹೊದಿಕೆ ಸುತ್ತಿ ಕೊಡುತ್ತದೆ. ಖಾತೆಯ ಯಜಮಾನರ ವಿವರಕ್ಕೆ ಆ ಹೊದಿಕೆ ಇರಲಿಲ್ಲ. ಒಳಗಿನ ನಂಬರನ್ನು ಹೋಲಿಸಬೇಕಾದಲ್ಲಿ ನಾನು ಹೊದಿಕೆ ಸಮೇತ ಇವೆರಡೂ ಒಂದೇ ವಸ್ತುವೇ ಎಂದು ಕೇಳಿದ್ದೆ. ಯಾರು ಒತ್ತಿದರೂ ಉತ್ತರ ಅಲ್ಲ ಎಂದೇ. ಮಳೆಗೆ ತಲೆ ಮೇಲಿಂದ ಕಂಬಳಿಕೊಪ್ಪೆ ಹಾಕಿಕೊಂಡು ಬಂದ ಮನೆಯೊಡತಿಯನ್ನು ಗುರುತು ಸಿಗದೆ ಅಂಗಳದಲ್ಲೇ ನಿಲ್ಲಿಸಿದ ಹಾಗೆ.

ಹಾಗಾದರೆ ಉಳಿದವರಿಗೆ ಯಾಕೆ ಆಗಲಿಲ್ಲ? ಉಳಿದವರು ಯಾರೂ ತಾವೇ ಒತ್ತಿರಲಿಲ್ಲ. ನಮ್ಮ ಕಡೆ ಕೌಂಟರಿಗೆ ಹೋಗಿ "ನೀವೇ ಮಾಡಿಬಿಡಿ" ಎನ್ನುವುದು ರೂಢಿ. ಗುಮಾಸ್ತರು ಸದಸ್ಯರ ಪರವಾಗಿ ಒತ್ತುವ ಪುಟದಲ್ಲಿ, ಖಾತೆ ಒತ್ತುವವರದೇನಾ ಎಂಬ ಪ್ರಶ್ನೆಯನ್ನೇ ನಾನು ಇಟ್ಟಿರಲಿಲ್ಲ. ಗಂಡಸರೆಲ್ಲ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ದೃಢೀಕೃತರಾಗಿ ಮನೆಗೆ ಹೋದರು. ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಹೊರಟವರು ಆ ಹೆಂಗಸೊಬ್ಬರೇ.

ಒಂದು ಸಾಲು ತಿದ್ದಲು ಎರಡು ನಿಮಿಷ ಹಿಡಿಯಿತು. ಕಚೇರಿಯ ಯಜಮಾನರಿಗೆ ಹೇಳಿದೆ. ಬಾಯಿ ಬಿಟ್ಟರೆ ಸಂಘದ ಕೆಲಸ ಕೈತಪ್ಪುತ್ತದೆ ಎಂದರು. ಸಂಘಕ್ಕೆ ಕಳಿಸಿದ ವರದಿಯಲ್ಲಿ ಕಾರಣ 'ಹೆಸರಿನ ವ್ಯತ್ಯಾಸ' ಎಂದು ಬರೆದವಳೂ ನಾನೇ. ಬರೆಯುವಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು, ಆದರೂ ಬರೆದೆ.

ಅವರು ನಿಲ್ಲಬೇಕಿದ್ದ ಸ್ಥಾನಕ್ಕೆ ಒಬ್ಬರು ಅವಿರೋಧವಾಗಿ ಆರಿಸಿ ಬಂದ ಮೇಲೆ, ಒಂದು ಮಧ್ಯಾಹ್ನ ಆ ಹೆಂಗಸಿನ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಪ್ಪು ನನ್ನ ಹೆಸರಿಂದೇ ಅಲ್ವಾ ಮೇಡಂ? ಮಗಳ ಮದ್ವೆ ಇದೆ. ಅವಳ ಹೆಸರು ಬದಲಾಯಿಸೋದು ಬ್ಯಾಡ ಅಂತ ಗಂಡಿನ ಮನೆಯವ್ರಿಗೆ ಹೇಳ್ಬೇಕು ಅಂದ್ಕೊಂಡಿದೀನಿ."

ಹೌದಮ್ಮ, ಹೆಸರಿನದೇ ತೊಂದರೆ ಎಂದೆ.